ಕ್ಯಾಸೆಟ್, ಕೀಪ್ಯಾಡ್ ಮೊಬೈಲ್, ವಾಟ್ಸ್‌ಆ್ಯಪ್ ವಾಯ್ಸ್: ಮನೆಯವರ ದನಿಯನ್ನು ಮುಕ್ತ ಫಾರ್ಮ್ಯಾಟ್‌ಗೆ ಬದಲಿಸುವುದು ಹೇಗೆ?

ಗೋವಾದ ಮಾರ್ಮಗೋವಾ ಬಂದರಿನ ಮೇಲ್ಭಾಗದ ಗುಡ್ಡದಲ್ಲಿರುವ ಸಡಾ, ಅದರ ಕೆಳಗಿನ ಬೈನಾ ಮತ್ತು ವಾಸ್ಕೋ ಪೇಟೆಯಲ್ಲಿ ಕನ್ನಡ ಮಾತು ಕೇಳದ ಬೀದಿ ಕಡಿಮೆ. ಇಲ್ಲಿನ ಕನ್ನಡಿಗರಲ್ಲಿ ಉತ್ತರ ಕರ್ನಾಟಕದಿಂದ ಬಂದವರೇ ಹೆಚ್ಚು, ಕರಾವಳಿಯಿಂದ ವ್ಯಾಪಾರ, ಹೋಟೆಲ್, ಮೀನಿನ ಕೆಲಸಕ್ಕೆ ಬಂದವರೂ ಇದ್ದಾರೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ ಮೇಲೆ ಮಂಗಳೂರಿಗೂ ಮಡಗಾಂವ್‌ಗೂ ನಡುವಿನ ದಾರಿ ಒಂದು ಹಗಲಿನ ಪ್ರಯಾಣವಾಯಿತು. ಊರು ಹತ್ತಿರವಾದರೂ ಮನೆಯ ಮಾತು ಮಾತ್ರ ಮಕ್ಕಳ ಬಾಯಲ್ಲಿ ದೂರವಾಗುತ್ತಿದೆ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ, ಅಂಗಡಿಯಲ್ಲಿ ಕೊಂಕಣಿ. ಇಂಥ ಮನೆಯಲ್ಲಿ ಬ್ಯಾರಿ ಬಾಸೆ ಉಳಿದಿದ್ದರೆ ಅದು ಹಿರಿಯರ ದನಿಯಲ್ಲಿ, ಆ ದನಿ ತುಂಬಿಟ್ಟ ಹಳೇ ರೆಕಾರ್ಡಿಂಗ್‌ಗಳಲ್ಲಿ.

ಬ್ಯಾರಿಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಈ ಭಾಷೆಯನ್ನು ಬಹುಕಾಲ ಬರೆದಿದ್ದು ಕಡಿಮೆ, ಬರೆದಾಗಲೂ ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಅದಕ್ಕಿಂತ ಹಿಂದಿನ ಹಾಡು, ಒಗಟು, ಗಾದೆ, ಅಜ್ಜಿಕತೆ ಎಲ್ಲವೂ ಬಾಯಿಂದ ಕಿವಿಗೆ ಬಂದದ್ದು. ಅದರಲ್ಲೊಂದಿಷ್ಟು ಕ್ಯಾಸೆಟ್ ಸೇರಿತು. 1970-80ರ ದಶಕದಲ್ಲಿ ಗಲ್ಫ್‌ಗೆ ಹೋದವರು ಕಾಗದದ ಬದಲು ಕ್ಯಾಸೆಟ್‌ನಲ್ಲೇ ಮಾತಾಡಿ ಊರಿಗೆ ಹೋಗುವವರ ಕೈಲಿ ಕೊಟ್ಟು ಕಳಿಸುತ್ತಿದ್ದದ್ದು ಕರಾವಳಿಯಲ್ಲೂ ಕೇರಳದಲ್ಲೂ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಓದಲು ಬಾರದ ಉಮ್ಮನಿಗೆ ಮಗನ ದನಿ ನೇರ ಕೇಳುತ್ತಿತ್ತು, ಅದೇ ಕ್ಯಾಸೆಟ್‌ನ ಇನ್ನೊಂದು ಬದಿಯಲ್ಲಿ ಉಮ್ಮ ಉತ್ತರ ತುಂಬಿಸಿ ಕಳಿಸುತ್ತಿದ್ದರು. ಇಂಥ ಕ್ಯಾಸೆಟ್ ಇನ್ನೂ ಕಪಾಟಿನಲ್ಲಿ ಉಳಿದಿದ್ದರೆ ಅದನ್ನು ಕಂಪ್ಯೂಟರಿಗೆ ಇಳಿಸಿ, ಮುಂದೆಯೂ ತೆರೆಯಬಲ್ಲ ಫಾರ್ಮ್ಯಾಟ್‌ನಲ್ಲಿ ಇಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಫಾರ್ಮ್ಯಾಟ್ ಅಂದರೆ ಏನು?

ಕನ್ನಡ ಟೈಪ್ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಹದಿನೈದು-ಇಪ್ಪತ್ತು ವರ್ಷದ ಹಿಂದೆ ನುಡಿಯ ಅಥವಾ ಬೇರೆ ತಂತ್ರಾಂಶದ ಹಳೇ ಅಕ್ಷರವಿನ್ಯಾಸದಲ್ಲಿ ಬರೆದ ಫೈಲನ್ನು ಇವತ್ತು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಅಕ್ಷರ ಅಳಿಸಿಹೋಗಿಲ್ಲ, ಓದುವ ಕೀಲಿಕೈ ಮಾತ್ರ ಇಲ್ಲ. ಯುನಿಕೋಡ್‌ನಲ್ಲಿ ಬರೆದದ್ದಕ್ಕೆ ಈ ತಾಪತ್ರಯವಿಲ್ಲ, ಏಕೆಂದರೆ ಅದರ ನಿಯಮ ಎಲ್ಲರಿಗೂ ತೆರೆದಿದೆ. ಆಡಿಯೋ ಫೈಲಿನ ಕತೆಯೂ ಹೀಗೇ. ದನಿಯನ್ನು ಅಂಕಿಗಳಾಗಿ ಕುಗ್ಗಿಸಿ ಇಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಆ ಅಂಕಿಗಳನ್ನು ಹಾಕಿಡುವ ಡಬ್ಬಿಗೆ ಕಂಟೈನರ್ ಎನ್ನುತ್ತಾರೆ. ಓಗ್ ಎಂಬುದು ಡಬ್ಬಿಯ ಹೆಸರು, ಅದರೊಳಗೆ ವೋರ್ಬಿಸ್ ಇರಬಹುದು, ಓಪಸ್ ಇರಬಹುದು, ಫ್ಲಾಕ್ ಕೂಡ ಇರಬಹುದು. ಜನ ಸಾಮಾನ್ಯವಾಗಿ ಓಗ್ ಅಂದಾಗ ಹೇಳುವುದು ವೋರ್ಬಿಸ್ ಬಗ್ಗೆ.

ಮುಕ್ತ, ರಾಯಲ್ಟಿ ಇಲ್ಲದ ಫಾರ್ಮ್ಯಾಟ್ ಅಂದರೆ ಎರಡು ಮಾತು. ಒಂದು, ಅದರ ನಿಯಮಾವಳಿ ಪ್ರಕಟವಾಗಿದೆ, ಯಾರು ಬೇಕಾದರೂ ಓದಿ ಅದನ್ನು ನುಡಿಸುವ ತಂತ್ರಾಂಶ ಬರೆಯಬಹುದು. ಎರಡು, ಹಾಗೆ ಬರೆದವರು ಯಾರಿಗೂ ಪೇಟೆಂಟ್ ಶುಲ್ಕ ಕಟ್ಟಬೇಕಿಲ್ಲ. ಇದರಿಂದ ಕೇಳುಗನಿಗೆ ನೇರ ಏನು ಲಾಭ ಅಂತ ಕೇಳಿದರೆ, ಇವತ್ತಿನ ಮಟ್ಟಿಗೆ ಅಷ್ಟೇನಿಲ್ಲ. ಮೂವತ್ತು ವರ್ಷದ ನಂತರ ಆ ಫೈಲನ್ನು ತೆರೆಯಬಲ್ಲವರು ಇರುತ್ತಾರೆ ಎಂಬ ಭರವಸೆಯೇ ಅದರ ಬೆಲೆ.

ಎಂಪಿ3 ಜಗಳದಿಂದ ಹುಟ್ಟಿದ ಓಗ್

ಎಂಪಿ3 ತಯಾರಾದದ್ದು ಮುಖ್ಯವಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ. ಫೈಲ್ ಹೆಸರಿನ ಕೊನೆಗೆ ಎಂಪಿ3 ಎಂದು ಬರೆಯುವ ರೂಢಿ 1995ರಲ್ಲಿ ಬಂತು. ಹಾಡು ಕೇಳುವವರು ಅದಕ್ಕೆ ದುಡ್ಡು ಕೊಟ್ಟಿಲ್ಲ, ಆದರೆ ಎಂಪಿ3 ತಯಾರಿಸುವ ಮತ್ತು ನುಡಿಸುವ ತಂತ್ರಾಂಶ, ಯಂತ್ರ ಮಾರುವವರು ಪರವಾನಗಿ ಶುಲ್ಕ ಕಟ್ಟಬೇಕಿತ್ತು. 1998ರಲ್ಲಿ ಫ್ರೌನ್‌ಹೋಫರ್ ಈ ಶುಲ್ಕದ ಬಗ್ಗೆ ಸಣ್ಣಪುಟ್ಟ ತಂತ್ರಾಂಶ ಬರೆಯುತ್ತಿದ್ದವರಿಗೆಲ್ಲ ಪತ್ರ ಕಳಿಸಿತು. ಆಗಲೇ ಅಮೆರಿಕದ ಕ್ರಿಸ್ ಮಾಂಟ್‌ಗೊಮರಿ ಮತ್ತು ಜೊತೆಗಾರರು ಶುಲ್ಕವಿಲ್ಲದ ಬೇರೆ ಕೋಡೆಕ್ ಕೆಲಸವನ್ನು ಜೋರು ಮಾಡಿದರು. ಅದೇ ವೋರ್ಬಿಸ್. ಅದರ ಮೊದಲ ಪೂರ್ಣ ಆವೃತ್ತಿ 2002ರ ಜುಲೈಯಲ್ಲಿ ಬಂತು. ಈಗ ಅದನ್ನು ನೋಡಿಕೊಳ್ಳುವುದು ಝಿಫ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ.

ಅದೇ 2002ರಲ್ಲಿ ರೆಡ್ ಹ್ಯಾಟ್ ಲಿನಕ್ಸ್‌ನ ಎಂಟನೇ ಆವೃತ್ತಿ ಪೇಟೆಂಟ್ ಕಾರಣಕ್ಕೆ ಎಂಪಿ3 ನುಡಿಸುವ ಸೌಲಭ್ಯವನ್ನೇ ತೆಗೆದುಹಾಕಿತ್ತು. ಆ ಕಾಲದಲ್ಲಿ ಲಿನಕ್ಸ್ ಬಳಸಿದವರಿಗೆ ‘ಹಾಡು ಯಾಕೆ ಬರ್ತಿಲ್ಲ’ ಎಂಬ ತಲೆನೋವು ಗೊತ್ತಿರುತ್ತದೆ.

ಎಂಪಿ3 ಪೇಟೆಂಟ್‌ಗಳು ಒಂದೊಂದಾಗಿ ಅವಧಿ ಮುಗಿಸಿದವು. 2017ರ ಏಪ್ರಿಲ್‌ನಲ್ಲಿ ಫ್ರೌನ್‌ಹೋಫರ್ ಪರವಾನಗಿ ಕಾರ್ಯಕ್ರಮವನ್ನೇ ನಿಲ್ಲಿಸಿತು. ಹಾಗಾಗಿ ‘ಎಂಪಿ3 ಪೇಟೆಂಟ್ ಇರುವ ಫಾರ್ಮ್ಯಾಟ್, ಬಿಟ್ಟುಬಿಡಿ’ ಎಂಬ ಹಳೇ ಉಪದೇಶ ಈಗ ಸಲ್ಲುವುದಿಲ್ಲ. ಕೈಲಿರುವ ಎಂಪಿ3 ಫೈಲುಗಳನ್ನು ಓಗ್‌ಗೆ ಬದಲಿಸುತ್ತಾ ಕೂರಬೇಕಾದ ಅಗತ್ಯ ಯಾರಿಗೂ ಇಲ್ಲ, ಅವನ್ನು ಹಾಗೇ ಬಿಡುವುದೇ ಒಳ್ಳೆಯದು. ಶುಲ್ಕದ ಲೆಕ್ಕ ಇನ್ನೂ ಇರುವುದು ಫೋನ್‌ಗಳು ರೆಕಾರ್ಡ್ ಮಾಡುವ ಎಂ4ಎ ಫೈಲಿನೊಳಗಿನ ಎಎಸಿ ಕೋಡೆಕ್‌ಗೆ. ಅದನ್ನೂ ಕಟ್ಟುವುದು ಫೋನ್ ಕಂಪನಿಯೇ ಹೊರತು ಮನೆಯವರಲ್ಲ.

ವೋರ್ಬಿಸ್ ಜೊತೆಗೆ ಇನ್ನೆರಡು ಹೆಸರು ತಿಳಿದಿರಬೇಕು. ಫ್ಲಾಕ್ 2001ರಲ್ಲಿ ಬಂದದ್ದು. ಇದು ದನಿಯ ಒಂದು ಕಣವನ್ನೂ ಬಿಸಾಡದೆ ಕುಗ್ಗಿಸುತ್ತದೆ. ಅಕ್ಕಿಯನ್ನು ಒತ್ತಿ ಚೀಲಕ್ಕೆ ತುಂಬಿದ ಹಾಗೆ, ಬಿಚ್ಚಿದರೆ ಅಷ್ಟೂ ಅಕ್ಕಿ ಸಿಗುತ್ತದೆ. ಎಂಪಿ3, ವೋರ್ಬಿಸ್, ಎಎಸಿ ಹಾಗಲ್ಲ. ಕಿವಿಗೆ ಗೊತ್ತಾಗದ ಭಾಗ ಎಂದು ಲೆಕ್ಕ ಹಾಕಿ ಒಂದಿಷ್ಟನ್ನು ಎಸೆದುಬಿಡುತ್ತವೆ, ಎಸೆದದ್ದು ಮತ್ತೆ ಬರುವುದಿಲ್ಲ. ಓಪಸ್ ಕೂಡ ಎಸೆಯುವ ಜಾತಿಯದ್ದೇ, ಆದರೆ ಬಹಳ ಜಾಣತನದಿಂದ. 2012ರಲ್ಲಿ ಇಂಟರ್ನೆಟ್‌ನ ಅಧಿಕೃತ ಮಾನದಂಡವಾದ ಇದರಲ್ಲಿ ಸ್ಕೈಪ್‌ನ ಮಾತಿನ ಕೋಡೆಕ್ಕೂ ಝಿಫ್‌ನ ಸಂಗೀತದ ಕೋಡೆಕ್ಕೂ ಸೇರಿವೆ. ಕಡಿಮೆ ಜಾಗದಲ್ಲಿ ಮಾತನ್ನು ಸ್ಪಷ್ಟವಾಗಿ ಇಡುವುದರಲ್ಲಿ ಎಂಪಿ3 ಇದರ ಹತ್ತಿರ ಬರುವುದಿಲ್ಲ. ಓಪಸ್ ಮೇಲೂ ತಮ್ಮ ಪೇಟೆಂಟ್ ಇದೆ ಎಂದು ಕೆಲವು ಕಂಪನಿಗಳು ಇತ್ತೀಚಿನ ವರ್ಷಗಳಲ್ಲಿ ಹೇಳಿಕೊಂಡಿವೆ. ಅದು ಯಂತ್ರ ತಯಾರಕರ ತಕರಾರು. ತಯಾರಿಸಿದವರು ಅದನ್ನು ಶುಲ್ಕವಿಲ್ಲದೆಯೇ ಕೊಟ್ಟಿದ್ದಾರೆ.

ಈಗಾಗಲೇ ಎಲ್ಲರ ಜೇಬಿನಲ್ಲಿದೆ

ಓಗ್, ಓಪಸ್ ಎಂದರೆ ಯಾವುದೋ ಕಂಪ್ಯೂಟರ್ ಪರಿಣತರ ವಸ್ತು ಅಂತ ಅನ್ನಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಮೈಕ್ ಒತ್ತಿ ಕಳಿಸುವ ಪ್ರತಿಯೊಂದು ವಾಯ್ಸ್ ಮೆಸೇಜೂ ಓಗ್ ಡಬ್ಬಿಯೊಳಗಿನ ಓಪಸ್ ಫೈಲೇ. ಆಂಡ್ರಾಯ್ಡ್ ಫೋನಿನ ರಿಂಗ್‌ಟೋನ್‌ಗಳು ಬಹುತೇಕ ಓಗ್ ವೋರ್ಬಿಸ್. ಯೂಟ್ಯೂಬ್‌ನ ದನಿ ಹೆಚ್ಚಾಗಿ ಓಪಸ್‌ನಲ್ಲಿ ಬರುತ್ತದೆ, ಸ್ಪಾಟಿಫೈ ವೋರ್ಬಿಸ್ ಬಳಸುತ್ತದೆ.

ಊರಲ್ಲಿರುವ ಅಜ್ಜಿ ಸಡಾದಲ್ಲಿರುವ ಮೊಮ್ಮಗಳಿಗೆ ಬ್ಯಾರಿಯಲ್ಲಿ ಕಳಿಸಿದ ವಾಯ್ಸ್ ಈಗಾಗಲೇ ಮುಕ್ತ ಫಾರ್ಮ್ಯಾಟ್‌ನಲ್ಲೇ ಇದೆ ಎಂದಾಯಿತು. ಅದನ್ನು ಬದಲಿಸುವುದು ಬೇಡ, ಉಳಿಸಿಕೊಂಡರೆ ಸಾಕು. ಆದರೆ ಹೆಚ್ಚಿನವು ಕಳೆದುಹೋಗುವುದು ಇಲ್ಲೇ. ಫೋನ್ ಬದಲಿಸಿದಾಗ, ‘ಸ್ಟೋರೇಜ್ ಫುಲ್’ ಅಂತ ಬಂದಾಗ ಎಲ್ಲ ಅಳಿಸಿಬಿಡುತ್ತೇವೆ. ಆಂಡ್ರಾಯ್ಡ್‌ನಲ್ಲಿ ಫೈಲ್ ಮ್ಯಾನೇಜರ್ ತೆರೆದು ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸ್‌ಆ್ಯಪ್ ಎಂದು ಹೋಗುತ್ತಾ ಇದ್ದರೆ ‘ವಾಟ್ಸ್‌ಆ್ಯಪ್ ವಾಯ್ಸ್ ನೋಟ್ಸ್’ ಎಂಬ ಫೋಲ್ಡರ್ ಸಿಗುತ್ತದೆ. ಅದರಲ್ಲಿ ಪಿಟಿಟಿ ಎಂದು ಶುರುವಾಗುವ ಹೆಸರು, ಜೊತೆಗೆ ತಾರೀಕು ಇರುತ್ತದೆ. ಯಾರ ದನಿ ಎಂದು ಮಾತ್ರ ಇರುವುದಿಲ್ಲ, ಅದನ್ನು ಕೇಳಿಯೇ ಗುರುತಿಸಬೇಕು. ಸುಲಭದ ದಾರಿ ಎಂದರೆ ಚಾಟ್‌ನಲ್ಲೇ ಆ ಮೆಸೇಜನ್ನು ಒತ್ತಿ ಹಿಡಿದು ಶೇರ್ ಮಾಡಿ ಡ್ರೈವ್‌ಗೋ ಇಮೇಲ್‌ಗೋ ಕಳಿಸಿಡುವುದು. ಕಂಪ್ಯೂಟರ್‌ನಲ್ಲಿ ಕೆಲವು ಪ್ಲೇಯರ್‌ಗಳು ಓಪಸ್ ಎಂದು ಕೊನೆಯಾಗುವ ಹೆಸರನ್ನು ಗುರುತಿಸುವುದಿಲ್ಲ. ಆಗ ಹೆಸರಿನ ಕೊನೆಯನ್ನು ಓಜಿಜಿ ಎಂದು ಬದಲಿಸಿದರೆ ಅನೇಕ ಸಲ ತೆರೆದುಕೊಳ್ಳುತ್ತದೆ, ಡಬ್ಬಿ ಓಗ್‌ದೇ ಆಗಿರುವ ಕಾರಣ.

ಕೀಪ್ಯಾಡ್ ಮೊಬೈಲ್‌ನ ರೆಕಾರ್ಡಿಂಗ್

2000ದ ದಶಕದ ನೋಕಿಯಾ ಮಾದರಿಯ ಫೋನ್‌ಗಳಲ್ಲಿ ವಾಯ್ಸ್ ರೆಕಾರ್ಡ್ ಮಾಡಿದರೆ ಎಎಂಆರ್ ಅಥವಾ 3ಜಿಪಿ ಫೈಲ್ ಬರುತ್ತಿತ್ತು. ಎಎಂಆರ್ ಮೊಬೈಲ್ ಕರೆಗಾಗಿ ಮಾಡಿದ ಕೋಡೆಕ್. ಸೆಕೆಂಡಿಗೆ ಹೆಚ್ಚೆಂದರೆ 12.2 ಕಿಲೋಬಿಟ್, ಒಂದು ಗಂಟೆಯ ಮಾತಿಗೆ ಸುಮಾರು 5.5 ಎಂಬಿ. ಸಣ್ಣ ಮೆಮೊರಿ ಕಾರ್ಡಿನ ಕಾಲಕ್ಕೆ ಅದು ಸರಿಯಿತ್ತು. ಆದರೆ ಸುಮಾರು 3400 ಹರ್ಟ್ಜ್‌ಗಿಂತ ಮೇಲಿನ ದನಿಯನ್ನೆಲ್ಲ ಅದು ಕತ್ತರಿಸಿ ಹಾಕುತ್ತದೆ. ಸ, ಶ, ಫ ಇಂಥ ಅಕ್ಷರಗಳನ್ನು ಬೇರೆ ಮಾಡಿ ಕೇಳಿಸುವುದು ಆ ಮೇಲಿನ ಭಾಗವೇ. ಫೋನಿನಲ್ಲಿ ಹೆಸರು ಹೇಳುವಾಗ ‘ಎಸ್ ಫಾರ್ ಸುಲ್ತಾನ್, ಎಫ್ ಫಾರ್ ಫಾತಿಮಾ’ ಎಂದು ಬಿಡಿಸಿ ಹೇಳಬೇಕಾಗುತ್ತಿದ್ದದ್ದು ಇದಕ್ಕೇ.

ಭಾಷೆಯ ದಾಖಲೆಗೆ ಇದು ಮುಖ್ಯ. ಬ್ಯಾರಿ ಮಲಯಾಳದ ಹತ್ತಿರದ ನಂಟು, ಆದರೆ ಉಚ್ಚಾರ ಬೇರೆ. ಮಲಯಾಳದಲ್ಲಿ ‘ವಾ’ ಎಂದದ್ದು ಬ್ಯಾರಿಯಲ್ಲಿ ‘ಬಾ’, ಅಲ್ಲಿನ ಳ, ಣ ಇಲ್ಲಿ ಅನೇಕ ಕಡೆ ಲ, ನ. ಅಷ್ಟೇ ಅಲ್ಲ, ಊರಿಂದ ಊರಿಗೂ ಮಾತಿನ ಧಾಟಿ ಬೇರೆ. ಇಂಥ ಸೂಕ್ಷ್ಮವನ್ನು ಕನ್ನಡ ಲಿಪಿಯಲ್ಲಿ ಬರೆದು ಪೂರ್ತಿ ಹಿಡಿಯಲು ಆಗೋದಿಲ್ಲ, ಒಳ್ಳೆಯ ರೆಕಾರ್ಡಿಂಗ್ ಹಿಡಿಯುತ್ತದೆ.

ಎಎಂಆರ್ ಫೈಲನ್ನು ಫ್ಲಾಕ್‌ಗೆ ಬದಲಿಸಿದರೆ ಕತ್ತರಿಸಿಹೋದ ದನಿ ಮರಳಿ ಬರುತ್ತದೆಯೇ? ಬರುವುದಿಲ್ಲ. ನೀರು ಬೆರೆಸಿದ ಹಾಲನ್ನು ಹಿತ್ತಾಳೆ ಚೊಂಬಿನಿಂದ ಬೆಳ್ಳಿ ಚೊಂಬಿಗೆ ಸುರಿದಂತೆ. ಲಾಭ ಇಷ್ಟೇ: ಮುಂದೆ ಇನ್ನಷ್ಟು ಕೆಡುವುದಿಲ್ಲ, ಮತ್ತು ಎಎಂಆರ್ ತೆರೆಯಲು ಒದ್ದಾಡುವ ಪ್ಲೇಯರ್‌ನಲ್ಲೂ ಕೇಳಬಹುದು. ಅದೇ ಎಂಪಿ3ಯನ್ನು ವೋರ್ಬಿಸ್‌ಗೆ, ವೋರ್ಬಿಸ್ಸನ್ನು ಎಎಸಿಗೆ, ಹೀಗೆ ಎಸೆಯುವ ಕೋಡೆಕ್‌ನಿಂದ ಎಸೆಯುವ ಕೋಡೆಕ್‌ಗೆ ಮತ್ತೆ ಮತ್ತೆ ಬದಲಿಸಿದರೆ ಪ್ರತಿ ಸಲವೂ ಒಂದಿಷ್ಟು ಹೋಗುತ್ತದೆ. ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ. ಆದ್ದರಿಂದ ಯಾವ ಫೈಲನ್ನು ಬದಲಿಸಿದರೂ ಮೂಲ ಫೈಲನ್ನು ಅಳಿಸಬಾರದು. ಈ ಲೇಖನದಲ್ಲಿ ಒಂದೇ ವಾಕ್ಯ ನೆನಪಿಡುವುದಾದರೆ ಇದನ್ನು ನೆನಪಿಡಬೇಕು.

ಯಾವುದಕ್ಕೆ ಯಾವ ಫಾರ್ಮ್ಯಾಟ್?

ಕ್ಯಾಸೆಟ್‌ನಿಂದ ಇಳಿಸುವ ಮೂಲ ಪ್ರತಿ ಫ್ಲಾಕ್‌ನಲ್ಲಿರಲಿ. ಒಂದು ಗಂಟೆಯ ಕ್ಯಾಸೆಟ್‌ನ್ನು ಸಿಡಿ ಗುಣಮಟ್ಟದ ವೇವ್ ಫೈಲಾಗಿ ಸ್ಟೀರಿಯೋದಲ್ಲಿ ತುಂಬಿದರೆ ಸುಮಾರು 635 ಎಂಬಿ, ಒಂದೇ ಚಾನೆಲ್ ಇದ್ದರೆ ಅದರರ್ಧ. ಫ್ಲಾಕ್ ಇದನ್ನು ಸಾಮಾನ್ಯವಾಗಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತದೆ. ಕ್ಯಾಸೆಟ್‌ನ ‘ಸೂ’ ಶಬ್ದ ಹೆಚ್ಚಿದ್ದರೆ ಅಷ್ಟು ಕುಗ್ಗುವುದಿಲ್ಲ. ಅದೇ ಒಂದು ಗಂಟೆ ಮಾತು ಸೆಕೆಂಡಿಗೆ 24 ಕಿಲೋಬಿಟ್‌ನ ಓಪಸ್‌ನಲ್ಲಿ 11 ಎಂಬಿಯೊಳಗೆ ಬರುತ್ತದೆ. 128 ಕಿಲೋಬಿಟ್ ಎಂಪಿ3ಯಾದರೆ 57 ಎಂಬಿ ಚಿಲ್ಲರೆ. ಮನೆಯವರಿಗೆಲ್ಲ ಕಳಿಸಲು, ಫೋನಿನಲ್ಲಿಟ್ಟು ಕೇಳಲು ಓಪಸ್ ಪ್ರತಿ ಸಾಕು. ಬರೀ ಮಾತಿಗೆ 24ರಿಂದ 32, ದಫ್ ಬಡಿತ ಮತ್ತು ಗುಂಪು ಹಾಡು ಇರುವ ಮೊಯ್ಲಾಂಜಿ, ಕೋಲ್ಕಲಿಯಂಥದ್ದಕ್ಕೆ 96ರಿಂದ 128 ಎಂದು ಇಟ್ಟುಕೊಂಡರೆ ತೊಂದರೆಯಿಲ್ಲ. ವೋರ್ಬಿಸ್‌ನಲ್ಲಿ ಕಿಲೋಬಿಟ್ ಬದಲು ಗುಣಮಟ್ಟದ ಅಂಕ ಕೇಳುತ್ತದೆ. ಸ್ಟೀರಿಯೋ ಹಾಡಿಗೆ 5 ಎಂದರೆ ಸುಮಾರು 160 ಕಿಲೋಬಿಟ್, ಅದಕ್ಕಿಂತ ಮೇಲೆ ಹೋಗುವ ಅಗತ್ಯ ಕ್ಯಾಸೆಟ್ ಹಾಡಿಗೆ ಇಲ್ಲ.

ಬದಲಿಸುವ ಕೆಲಸ

ಹೆಚ್ಚಿನವರಿಗೆ ವಿಎಲ್‌ಸಿ ಪ್ಲೇಯರ್ ಸಾಕು, ಅದು ಉಚಿತ, ಬಹುತೇಕ ಕಂಪ್ಯೂಟರ್‌ನಲ್ಲಿ ಇದ್ದೇ ಇರುತ್ತದೆ. ವಿಂಡೋಸ್‌ನಲ್ಲಿ ಮೀಡಿಯಾ ಮೆನುವಿನ ‘ಕನ್ವರ್ಟ್ / ಸೇವ್’ ಒತ್ತಿ, ‘ಆ್ಯಡ್’ ಮೂಲಕ ಫೈಲ್ ಸೇರಿಸಿ, ಕೆಳಗಿನ ‘ಕನ್ವರ್ಟ್ / ಸೇವ್’ ಒತ್ತಿದರೆ ಪ್ರೊಫೈಲ್ ಪಟ್ಟಿ ಬರುತ್ತದೆ. ಅದರಲ್ಲಿ ‘ಆಡಿಯೋ - ವೋರ್ಬಿಸ್ (ಓಜಿಜಿ)’ ಮತ್ತು ‘ಆಡಿಯೋ - ಫ್ಲಾಕ್’ ಎರಡೂ ಇವೆ. ಹೊಸ ಫೈಲಿಗೆ ಹೆಸರು, ಜಾಗ ತೋರಿಸಿ ‘ಸ್ಟಾರ್ಟ್’ ಒತ್ತಬೇಕು. ಹಳೇ ಹೆಸರನ್ನೇ ಕೊಟ್ಟು ಮೂಲ ಫೈಲಿನ ಮೇಲೇ ಬರೆಸದಂತೆ ಎಚ್ಚರ ಬೇಕು. ಕೆಲಸ ಮುಗಿದ ಮೇಲೆ ಹೊಸ ಫೈಲನ್ನು ಕೊನೆಯವರೆಗೂ ಕೇಳಿ ನೋಡುವುದು ಒಳ್ಳೆಯದು. ಅರ್ಧಕ್ಕೇ ನಿಂತ ಫೈಲನ್ನು ಗಮನಿಸದೆ ಬಿಟ್ಟು, ವರ್ಷದ ನಂತರ ನೋಡಿ ಕೈ ಹಿಸುಕಿಕೊಂಡವರಿದ್ದಾರೆ.

ಕತ್ತರಿಸುವುದು, ದನಿ ಏರಿಸುವುದು ಬೇಕಿದ್ದರೆ ಆಡಾಸಿಟಿ ಬಳಸಬೇಕು. 2000ದಿಂದ ಇರುವ ಈ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಕಲಿಸುವುದರಿಂದ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಥ ತಂತ್ರಾಂಶಗಳ ಪರಿಚಯ ಚಿಕ್ಕಂದಿನಲ್ಲೇ ಆಗಿರುತ್ತದೆ. ಮನೆಯಲ್ಲಿ ಅಂಥ ನೆಂಟರ ಮಗ ಇದ್ದರೆ ಅರ್ಧ ಕೆಲಸ ಆದಂತೆ! ಫೈಲ್ ತೆರೆದು, ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್’ಗೆ ಹೋಗಿ ಫಾರ್ಮ್ಯಾಟ್ ಆರಿಸಿದರಾಯಿತು. ಎಂ4ಎ ಮತ್ತು ಎಎಂಆರ್ ಫೈಲ್ ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ತಂತ್ರಾಂಶದ ಭಾಗವನ್ನು ಪ್ರತ್ಯೇಕ ಹಾಕಿಕೊಳ್ಳಬೇಕು.

ನೂರಾರು ಫೈಲ್ ಇದ್ದವರಿಗೆ ಎಫ್‌ಎಫ್‌ಎಂಪೆಗ್ ಒಂದೇ ಸಾಲಿನ ಆದೇಶದಲ್ಲಿ ಕೆಲಸ ಮುಗಿಸಿಕೊಡುತ್ತದೆ. ಕಂಪ್ಯೂಟರ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇದು ಒಳ್ಳೆಯ ಅಭ್ಯಾಸ. ಕಪ್ಪು ಪರದೆ ನೋಡಿದರೆ ಹೆದರಿಕೆ ಅನ್ನುವವರಿಗೆ ಫ್ರೆ:ಎಸಿ ಎಂಬ ಉಚಿತ ತಂತ್ರಾಂಶವಿದೆ, ಒಂದು ಫೋಲ್ಡರ್ ಎಂಪಿ3, ವೇವ್ ಫೈಲುಗಳನ್ನು ಒಟ್ಟಿಗೆ ಬದಲಿಸುತ್ತದೆ.

ಗೂಗಲ್‌ನಲ್ಲಿ ಹುಡುಕಿದರೆ ‘ಆನ್‌ಲೈನ್ ಕನ್ವರ್ಟರ್’ಗಳು ಹತ್ತಾರು ಸಿಗುತ್ತವೆ. ಮದುವೆ ಮನೆಯ ಹಾಡು, ಗಂಡ ಹೆಂಡತಿಯ ಖಾಸಗಿ ಮಾತು ಇರುವ ಕ್ಯಾಸೆಟ್‌ನ್ನು ಗುರುತು ಪರಿಚಯವಿಲ್ಲದವರ ಸರ್ವರ್‌ಗೆ ಏರಿಸುವ ದಾರಿ ಅದು. ಇದಕ್ಕೆ ಅವುಗಳ ತಂಟೆಗೆ ಹೋಗದಿರುವುದೇ ಲೇಸು.

ಕ್ಯಾಸೆಟ್ ಇಳಿಸುವಾಗ

ಗೋವಾದ ಕಡಲ ತೇವಕ್ಕೆ, ಅದರಲ್ಲೂ ಸಡಾದಂಥ ಮೂರು ಕಡೆ ನೀರಿರುವ ಗುಡ್ಡದಲ್ಲಿ, ಕ್ಯಾಸೆಟ್ ಟೇಪಿಗೆ ಬೂಸ್ಟು ಹಿಡಿಯುವುದು ಬೇಗ. ಕಿಟಕಿಯಂಥ ಪ್ಲಾಸ್ಟಿಕ್‌ನೊಳಗೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಪ್ಲೇಯರ್‌ಗೆ ಹಾಕಬಾರದು, ಬೂಸ್ಟು ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಅಂಥದ್ದನ್ನು ತಿಳಿದವರ ಕೈಗೆ ಕೊಡಬೇಕು. ಚೆನ್ನಾಗಿರುವ ಕ್ಯಾಸೆಟ್ ಆದರೆ ಮೊದಲು ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಅವು ಇಲ್ಲದಿದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೇ ದನಿ ಅಳಿಸುವುದಿಲ್ಲ. ಆಮೇಲೆ ಹತ್ತಿ ಸುತ್ತಿದ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಪ್ಲೇಯರ್‌ನ ಹೆಡ್ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ವರ್ಷಗಟ್ಟಲೆ ಮುಟ್ಟದ ಟೇಪನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಪೂರ್ತಿ ಓಡಿಸಿದರೆ ಸುರುಳಿ ಸಡಿಲವಾಗಿ ಸರಾಗ ತಿರುಗುತ್ತದೆ.

ಪ್ಲೇಯರ್‌ನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಒಂದು ಕೇಬಲ್ ಸಾಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ತೂತು ಇರುವುದರಿಂದ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ. ಕ್ಯಾಸೆಟ್ ಎದುರು ಮೊಬೈಲ್ ಹಿಡಿದು ರೆಕಾರ್ಡ್ ಮಾಡುವವರೂ ಇದ್ದಾರೆ. ಏನೂ ಇಲ್ಲದಿದ್ದರೆ ಅದೂ ಆದೀತು, ಆದರೆ ಫ್ಯಾನಿನ ಸದ್ದು, ಹೊರಗಿನ ಬಸ್ ಹಾರ್ನ್ ಎಲ್ಲ ಸೇರಿಕೊಳ್ಳುತ್ತದೆ. ಆಡಾಸಿಟಿಯಲ್ಲಿ ದನಿಯ ಪಟ್ಟಿ ಎತ್ತರದಲ್ಲಿದ್ದಾಗಲೂ ಸೊನ್ನೆಯನ್ನು ಮುಟ್ಟದಂತೆ, ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ವಾಲ್ಯೂಮ್ ಇಡಬೇಕು. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಮಾಡಲಾಗದು. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೇ ಬೇಕು, ಇದರಲ್ಲಿ ಅಡ್ಡದಾರಿ ಇಲ್ಲ. ‘ಸೂ’ ಶಬ್ದ ತೆಗೆಯುವ ನಾಯ್ಸ್ ರಿಡಕ್ಷನ್ ಬಳಸುವುದಾದರೆ ಕೇಳುವ ಪ್ರತಿಯಲ್ಲಿ ಮಾತ್ರ ಬಳಸಲಿ, ಫ್ಲಾಕ್ ಮೂಲಪ್ರತಿ ಹೇಗಿದೆಯೋ ಹಾಗೇ ಇರಲಿ. ಜಾಸ್ತಿ ತೆಗೆದರೆ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ, ಉಸಿರಿನ ಸದ್ದೂ ಹೋಗಿಬಿಡುತ್ತದೆ.

ಹೆಸರು ಬರೆಯುವುದು ಕನ್ನಡದಲ್ಲೇ

ಮುಕ್ತ ಫಾರ್ಮ್ಯಾಟ್‌ಗಳ ಒಂದು ಅನುಕೂಲವನ್ನು ಕನ್ನಡಿಗರು ಸರಿಯಾಗಿ ಬಳಸಿಕೊಂಡಿಲ್ಲ. ಹಳೇ ಎಂಪಿ3ಯಲ್ಲಿ ಹಾಡಿನ ಹೆಸರಿಗೆ ಇದ್ದ ಜಾಗ 30 ಬೈಟ್, ಅದೂ ರೋಮನ್ ಅಕ್ಷರಕ್ಕೆಂದು ಮಾಡಿದ್ದು. ಅದಕ್ಕೇ ಕನ್ನಡದಲ್ಲಿ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತಿತ್ತು. ಹೊಸ ಎಂಪಿ3 ಟ್ಯಾಗ್‌ಗಳಲ್ಲಿ ಇದು ಸರಿಯಾಗಿದೆ. ವೋರ್ಬಿಸ್, ಓಪಸ್, ಫ್ಲಾಕ್ ಮೂರೂ ಯುನಿಕೋಡ್ ಬಳಸುತ್ತವೆ, ಉದ್ದಕ್ಕೂ ಮಿತಿ ಇಲ್ಲದಂತೆಯೇ. ಮಾತಾಡಿದವರು ಯಾರು, ಯಾವ ಊರಿನವರು, ಯಾವ ವರ್ಷ, ಯಾರ ಮದುವೆಯ ಹಾಡು, ರೆಕಾರ್ಡ್ ಮಾಡಿದವರು ಯಾರು ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಫೈಲಿನೊಳಗೆ ಬರೆದಿಡಬಹುದು. ‘ಆಡಿಯೋ 001’ ಎಂಬ ಹೆಸರಿನ ಐವತ್ತು ಫೈಲ್ ಉಳಿಸಿದರೆ ಮುಂದಿನವರಿಗೆ ಯಾರ ದನಿ ಎಂದು ತಿಳಿಯುವುದು ಹೇಗೆ? ದನಿ ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕ ಕೂತು ಬರೆದುಕೊಳ್ಳಬೇಕು. ಇಡೀ ಕೆಲಸದಲ್ಲಿ ಮುಂದೂಡಬಾರದ್ದು ಇದೊಂದೇ, ಉಳಿದದ್ದಕ್ಕೆ ಸಮಯವಿದೆ. ಫೈಲ್ ಹೆಸರು ವರ್ಷದಿಂದ ಶುರುವಾದರೆ, ಉದಾಹರಣೆಗೆ 1984, ತಿಂಗಳು, ಊರು, ಹೆಸರು ಎಂಬ ಕ್ರಮದಲ್ಲಿದ್ದರೆ ಪಟ್ಟಿ ತಾನಾಗೇ ಕಾಲಾನುಕ್ರಮಕ್ಕೆ ಬರುತ್ತದೆ.

ಎಲ್ಲಿ ನುಡಿಯುತ್ತದೆ, ಎಲ್ಲಿ ಇಲ್ಲ

ಆಂಡ್ರಾಯ್ಡ್‌ನಲ್ಲಿ ವೋರ್ಬಿಸ್ ಮೊದಲಿನಿಂದಲೂ, ಓಪಸ್ 2014ರ ಐದನೇ ಆವೃತ್ತಿಯಿಂದಲೂ ನುಡಿಯುತ್ತವೆ. ಐಫೋನ್ ಬಹಳ ಕಾಲ ಓಗ್‌ಗೆ ಮುಖ ತಿರುಗಿಸಿತ್ತು, ಅದರಲ್ಲಿ ವಿಎಲ್‌ಸಿ ಆ್ಯಪ್ ಹಾಕಿಕೊಂಡರೆ ಸಮಸ್ಯೆ ಇಲ್ಲ. ಕಾರಿನ ಸ್ಟೀರಿಯೋ, ಅಂಗಡಿಯಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಪೀಕರ್‌ನ ಪೆನ್‌ಡ್ರೈವ್ ತೂತು ಇವು ಅನೇಕ ಸಲ ಎಂಪಿ3 ಬಿಟ್ಟು ಬೇರೇನೂ ಅರಿಯವು. ಅಂಥ ಕಡೆಗೆ ಫ್ಲಾಕ್ ಮೂಲಪ್ರತಿಯಿಂದಲೇ ಒಂದು ಎಂಪಿ3 ಪ್ರತಿ ತೆಗೆದುಕೊಂಡರೆ ಯಾರೂ ಬೈಯುವುದಿಲ್ಲ, ಪೇಟೆಂಟ್ ಈಗಿಲ್ಲವಲ್ಲ.

ಹಕ್ಕು ಯಾರದು?

ಫಾರ್ಮ್ಯಾಟ್ ಮುಕ್ತವಾದರೆ ಒಳಗಿನ ಹಾಡೂ ಮುಕ್ತವಾಯಿತು ಎಂದು ತಿಳಿದವರಿದ್ದಾರೆ. ಹಾಗಲ್ಲ. ಅಂಗಡಿಯಲ್ಲಿ ಕೊಂಡ ಮಾಪಿಳ್ಳ ಹಾಡಿನ ಕ್ಯಾಸೆಟ್ಟೋ ಸಿನಿಮಾ ಹಾಡೋ ಓಗ್ ಆದರೂ ಹಕ್ಕು ಕಂಪನಿಯದ್ದೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಹಾಡು ಬರೆದವರ ಹಕ್ಕು ಅವರ ಜೀವಿತಕಾಲ ಮತ್ತು ನಂತರದ 60 ವರ್ಷ. ಹಾಡಿದವರಿಗೂ ಪ್ರದರ್ಶಕರ ಹಕ್ಕು ಎಂಬುದಿದೆ. ಸ್ವಂತಕ್ಕೆ ಕೇಳಲು ಪ್ರತಿ ಮಾಡಿಕೊಳ್ಳುವುದು ಒಂದು, ಯೂಟ್ಯೂಬ್‌ಗೆ ಹಾಕುವುದು ಇನ್ನೊಂದು.

ಮನೆಯ ಕ್ಯಾಸೆಟ್‌ನದ್ದು ಬೇರೆಯೇ ಸೂಕ್ಷ್ಮ. ಗಲ್ಫ್‌ನಿಂದ ಬಂದ ದನಿಪತ್ರದಲ್ಲಿ ಸಾಲದ ಮಾತಿರುತ್ತದೆ, ಅತ್ತೆ ಸೊಸೆಯ ಮುನಿಸಿರುತ್ತದೆ, ಹೆಂಡತಿಗೆ ಮಾತ್ರ ಹೇಳಿದ ಮಾತಿರುತ್ತದೆ. ಹೆಂಗಸರೇ ಸೇರಿ ಹಾಡಿದ ಮದುವೆ ಹಾಡು ಊರಿಗೆಲ್ಲ ಕೇಳಲೆಂದು ಹಾಡಿದ್ದಲ್ಲ. ಫ್ಯಾಮಿಲಿ ಗ್ರೂಪಿಗೆ ಹಾಕುವ ಮೊದಲೇ ಮಾತಾಡಿದವರನ್ನೋ, ಅವರಿಲ್ಲದಿದ್ದರೆ ಅವರ ಮಕ್ಕಳನ್ನೋ ಕೇಳಬೇಕು. ಬೇಡ ಅಂದರೆ ಬೇಡ. ಫೈಲ್ ಮನೆಯಲ್ಲೇ ಇರಲಿ, ಅಳಿಸುವುದು ಮಾತ್ರ ಬೇಡ.

ಒಪ್ಪಿಗೆ ಸಿಕ್ಕಿದ ಕತೆ, ಗಾದೆ, ಹಾಡುಗಳಿಗೆ ವಿಕಿಮೀಡಿಯಾ ಕಾಮನ್ಸ್ ಒಳ್ಳೆಯ ಜಾಗ. ವಿಕಿಪೀಡಿಯಾಗಳ ಚಿತ್ರ, ದನಿ ಸಂಗ್ರಹವಾಗುವುದು ಅಲ್ಲಿ. ಅದು ಓಗ್, ಓಪಸ್, ಫ್ಲಾಕ್, ವೇವ್ ತೆಗೆದುಕೊಳ್ಳುತ್ತದೆ, ಫೋನಿನ ಎಂ4ಎ ಮತ್ತು ಎಎಂಆರ್ ತೆಗೆದುಕೊಳ್ಳುವುದಿಲ್ಲ. ಫಾರ್ಮ್ಯಾಟ್ ಬದಲಿಸುವುದು ಆಯ್ಕೆಯಾಗಿ ಉಳಿಯದೆ ಅಗತ್ಯವೇ ಆಗುವ ಸಂದರ್ಭ ಇದು. ಹಾಕುವಾಗ ಕ್ರಿಯೇಟಿವ್ ಕಾಮನ್ಸ್‌ನಂಥ ಮುಕ್ತ ಪರವಾನಗಿ ಕೊಡಬೇಕು, ಅಂದರೆ ಹೆಸರು ಹೇಳಿ ಯಾರೂ ಬಳಸಬಹುದು, ವ್ಯಾಪಾರಕ್ಕೂ ಸೇರಿ. ಗೋವಾದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆಯಿದೆ: ಗೋವಾ ವಿಶ್ವವಿದ್ಯಾಲಯ 2013ರಲ್ಲಿ ತನ್ನ ಕೊಂಕಣಿ ವಿಶ್ವಕೋಶವನ್ನು ಇಂಥದ್ದೇ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಪಕ್ಕದ ತುಳುವಿಗೆ 2016ರ ಆಗಸ್ಟ್‌ನಲ್ಲಿ ಸ್ವಂತ ವಿಕಿಪೀಡಿಯಾ ಬಂತು. ಬ್ಯಾರಿಯ ಒಂದೊಂದು ಪದದ ಉಚ್ಚಾರವನ್ನು ಒಬ್ಬರು ಹೇಳಿ ಇನ್ನೊಬ್ಬರು ರೆಕಾರ್ಡ್ ಮಾಡಿ ಓಗ್ ಅಥವಾ ಫ್ಲಾಕ್ ಮಾಡಿ ಏರಿಸುವುದು ಯುವಕರಿಗೆ ಒಂದು ರಜೆಯಲ್ಲಿ ಆಗುವ ಕೆಲಸ. ಅದಕ್ಕೆ ಮನೆಯ ಗುಟ್ಟೂ ಹೊರಬೀಳುವುದಿಲ್ಲ, ಯಾವ ಕಂಪನಿಯ ಹಕ್ಕೂ ಅಡ್ಡ ಬರುವುದಿಲ್ಲ.

ಮನೆಯಲ್ಲಿ ಉಳಿಯುವ ಫೈಲುಗಳನ್ನು ಒಂದೇ ಪೆನ್‌ಡ್ರೈವ್‌ನಲ್ಲಿ ಇಡಬಾರದು, ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಮುನ್ಸೂಚನೆ ಇಲ್ಲದೆ ಸಾಯುತ್ತವೆ, ಬರೆದ ಸಿಡಿಯೂ ಕಾಲಕ್ರಮೇಣ ಕೆಡುತ್ತದೆ. ಒಂದು ಪ್ರತಿ ಸಡಾದ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಊರಿನ ಅಣ್ಣನದೋ ತಂಗಿಯದೋ ಮನೆಯಲ್ಲಿ, ಸಾಧ್ಯವಿದ್ದರೆ ಮೂರನೆಯದು ಕ್ಲೌಡ್‌ನಲ್ಲಿ ಇಟ್ಟರೆ ಒಂದು ಕೆಟ್ಟರೂ ಇನ್ನೆರಡು ಇರುತ್ತವೆ. ವರ್ಷಕ್ಕೊಮ್ಮೆ, ಊರಿಗೆ ಹೋದಾಗ ಹಾರ್ಡ್‌ಡಿಸ್ಕ್ ಹಾಕಿ ನಾಲ್ಕಾರು ಫೈಲ್ ತೆರೆದು ಕೇಳಿ ನೋಡಿದರೆ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇಳಿಸಿದ ಮೇಲೂ ಕ್ಯಾಸೆಟ್‌ನ್ನು ಬಿಸಾಡದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ, ಸ್ಪೀಕರ್ ಮತ್ತು ಟಿವಿಯಿಂದ ದೂರ ಇಡಬೇಕು.